ನಾಯಿಗೆ ಪದೇ ಪದೇ ತುರಿಕೆ: ಫುಡ್ ಬದಲಿಸಿದರೆ ಸಾಕಾ?

ಕಂದುಮೂಗು:
ನಮ್ಮ ಗುಂಡನಿಗೆ ನಾಲ್ಕು ವರ್ಷ. ಲ್ಯಾಬ್ರಡಾರ್. ಎರಡು ವರ್ಷದಿಂದ ಒಂದೇ ಗೋಳು. ಪಂಜ ನೆಕ್ಕುತ್ತಲೇ ಇರುತ್ತಾನೆ, ಕಂಕುಳು ಮತ್ತು ಹೊಟ್ಟೆ ಕೆಂಪಗಾಗುತ್ತದೆ, ಕಿವಿಯಿಂದ ಹುಳಿ ವಾಸನೆ. ಡಾಕ್ಟರ್ ಮಾತ್ರೆ ಕೊಟ್ಟರೆ ಇಳಿಯುತ್ತದೆ. ಮಾತ್ರೆ ಮುಗಿದ ಸ್ವಲ್ಪ ದಿನಕ್ಕೆ ಮತ್ತೆ ಶುರು. ಆಹಾರದ ಅಲರ್ಜಿ ಇರಬಹುದು ಅಂತ ಚಿಕನ್ ಇರುವ ಫುಡ್ ಬಿಟ್ಟು ಕುರಿ ಮಾಂಸದ್ದು ತಂದೆವು. ಆಮೇಲೆ ಮೀನಿನದು. ಈಗ ಧಾನ್ಯ ಇಲ್ಲದ್ದು. ಪ್ರತಿ ಸಲವೂ ಮೊದಮೊದಲು ಪರವಾಗಿಲ್ಲ ಅನ್ನಿಸುತ್ತದೆ, ಆಮೇಲೆ ಅದೇ ಕಥೆ. ರಾತ್ರಿ ಅವನು ಕೆರೆದುಕೊಳ್ಳುವ ಸದ್ದಿಗೆ ಮನೆಯವರಿಗೆಲ್ಲ ಎಚ್ಚರ. ಯಾವ ಫುಡ್ ಕೊಟ್ಟರೆ ಸರಿಹೋಗುತ್ತದೆ, ಗೊತ್ತಿದ್ದವರು ಹೇಳಿ.

ಬಾಲಬೀಸಣಿಗೆ:
ಧಾನ್ಯ ಇಲ್ಲದ್ದನ್ನೇ ಮುಂದುವರಿಸಿ. ನಾಯಿ ಮಾಂಸ ತಿನ್ನುವ ಪ್ರಾಣಿ. ಗೋಧಿ, ಜೋಳ ಎಲ್ಲ ಸುಮ್ನೆ ಚೀಲ ತುಂಬಿಸಲು ಹಾಕುವುದು ಅಂತ ನನಗನ್ನಿಸುತ್ತದೆ. ನಮ್ಮವಳಿಗೆ ಅದನ್ನು ಬಿಡಿಸಿದ ಮೇಲೆ ಮೈ ಫಳಫಳ ಹೊಳೆಯುತ್ತಿದೆ.

ಕಿವಿಜೋಲಿ:
ನಿಮ್ಮ ನಾಯಿಗೆ ಸರಿಹೋಯಿತಲ್ಲ, ಸಂತೋಷ. ಆದರೆ ಎಲ್ಲ ನಾಯಿಗೂ ಧಾನ್ಯವೇ ಕಾರಣ ಅನ್ನಲು ಆಗುವುದಿಲ್ಲ. ಆಹಾರದ ಅಲರ್ಜಿ ಖಚಿತವಾದ ಸುಮಾರು 300 ನಾಯಿಗಳ ಲೆಕ್ಕ ಒಟ್ಟುಹಾಕಿದ ಒಂದು ವಿಮರ್ಶೆ 2016ರಲ್ಲಿ ಬಂದಿತ್ತು. ಅದರಲ್ಲಿ ದನದ ಮಾಂಸ 34%, ಹಾಲಿನ ಪದಾರ್ಥ 17%, ಚಿಕನ್ 15%, ಗೋಧಿ 13%, ಕುರಿ ಮಾಂಸ 5%. ಗೋಧಿ ಇದೆ, ಇಲ್ಲ ಅನ್ನುತ್ತಿಲ್ಲ. ಆದರೆ ಮೇಲಿನ ಮೂರೂ ಪ್ರಾಣಿಗಳಿಂದ ಬರುವ ಪ್ರೋಟೀನು. ಧಾನ್ಯ ಇಲ್ಲದ ಚೀಲದಲ್ಲಿ ಚಿಕನ್ ಇದ್ದರೆ, ಚಿಕನ್ ಅಲರ್ಜಿ ಇರುವ ನಾಯಿಗೆ ಅದರಿಂದ ಏನು ಲಾಭ?

ಇನ್ನೊಂದು ವಿಷಯ. ಬಟಾಣಿ, ಬೇಳೆಕಾಳು ಜಾಸ್ತಿ ಹಾಕಿದ ಧಾನ್ಯರಹಿತ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತ್ತು. ಅದೇ ಕಾರಣ ಅಂತ ಸಾಬೀತಾಗಿಲ್ಲ. ಆದರೂ ಬೇಕೇಬೇಕು ಅನ್ನುವ ಕಾರಣ ಇಲ್ಲದೆ ನಾನಂತೂ ಅದನ್ನು ಕೊಡುವುದಿಲ್ಲ.

ರಾತ್ರಿಪಾಳಿ:
ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದೇನೆ, ಡಾಕ್ಟರ್ ಅಲ್ಲ. ಚರ್ಮದ ಕೇಸುಗಳನ್ನು ದಿನಾ ನೋಡಿ ನೋಡಿ ಕೆಲವು ಮಾತು ಹೇಳಬಹುದು ಅನ್ನಿಸಿತು. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕಂದುಮೂಗು ಅವರೇ, ಪ್ರತಿ ಸಲ ಫುಡ್ ಬದಲಿಸಿದಾಗ ಮಾತ್ರೆಯೂ ನಡೆಯುತ್ತಿತ್ತು ಅಲ್ವಾ? ಹಾಗಿದ್ದರೆ ಮೊದಮೊದಲು ಕಂಡ ಸುಧಾರಣೆ ಮಾತ್ರೆಯದು. ಹೆಸರು ಮಾತ್ರ ಫುಡ್‌ಗೆ ಬಂತು. ಮಾತ್ರೆ ನಿಂತಾಗ ತುರಿಕೆ ವಾಪಸ್ ಬಂತು, ಬೈಗುಳ ಫುಡ್‌ಗೇ ಹೋಯಿತು. ನಾಲ್ಕು ಫುಡ್ ಆದರೂ ಗುಂಡನಿಗೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ತಿಳಿಯದೇ ಉಳಿದಿರುವುದು ಇದಕ್ಕೇ.

ತುರಿಕೆಗೆ ಸಾಮಾನ್ಯವಾಗಿ ಒಂದೇ ಕಾರಣ ಇರುವುದಿಲ್ಲ. ಚಿಗಟ, ಸೋಂಕು, ಧೂಳಿನ ಹುಳ, ಹೂವಿನ ಪರಾಗ, ಊಟ, ಎಲ್ಲ ಸ್ವಲ್ಪ ಸ್ವಲ್ಪ ಸೇರಿ ಕೊಡ ತುಂಬುತ್ತದೆ. ತುಳುಕಿದಾಗ ಮಾತ್ರ ನಮಗೆ ಕಾಣುತ್ತದೆ. ಹಾಗಾಗಿ ಕೆಲಸಕ್ಕೆ ಒಂದು ಕ್ರಮ ಬೇಕು.

ಮೊದಲು ಚಿಗಟ. "ನಮ್ಮ ನಾಯಿಗೆ ಚಿಗಟ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ನಾಲ್ಕಾರು ಕಡಿತವೇ ಸಾಕು. ಅದು ನೆಕ್ಕಿ, ಕಚ್ಚಿ, ಚಿಗಟವನ್ನು ನುಂಗಿಬಿಡುತ್ತದೆ. ನಮಗೆ ಕಾಣುವುದಾದರೂ ಹೇಗೆ? ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಲದ ಬುಡ ಬಾಚಿ, ಬಿದ್ದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ನಾಯಿಯ ಮೈಮೇಲೆ ಇರುವ ಪೂರ್ತಿ ಬೆಳೆದ ಚಿಗಟಗಳು ಒಟ್ಟು ಸಂತತಿಯಲ್ಲಿ ಸುಮಾರು 5% ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ಹಾಸಿಗೆ, ಕಾರ್ಪೆಟ್, ನೆಲದ ಸಂದುಗಳಲ್ಲಿ ಇರುತ್ತದೆ. ಆದ್ದರಿಂದ ಮನೆಯ ಎಲ್ಲ ನಾಯಿ ಬೆಕ್ಕಿಗೂ ಒಟ್ಟಿಗೆ ಔಷಧಿ ಬೇಕು. ಒಂದು ಎಚ್ಚರಿಕೆ: ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿಗೆ ವಿಷ.

ಗುಂಡನ ತುರಿಕೆ ಪಂಜ, ಕಂಕುಳು, ಹೊಟ್ಟೆ, ಕಿವಿಯಲ್ಲಿದೆ. ಚಿಗಟದ ಅಲರ್ಜಿ ಹೆಚ್ಚಾಗಿ ಸೊಂಟದ ಹಿಂಭಾಗ, ಬಾಲದ ಬುಡ, ಹಿಂದೊಡೆಯಲ್ಲಿ ಕಾಣಿಸುತ್ತದೆ. ಹಾಗಾಗಿ ಇದು ವಾತಾವರಣದ ಅಲರ್ಜಿ ಅಥವಾ ಊಟದ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ. ಈ ಎರಡನ್ನು ಕಣ್ಣಿನಿಂದ ನೋಡಿ ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ, ಎಷ್ಟೇ ಅನುಭವ ಇದ್ದರೂ.

ಎರಡನೆಯದು ಸೋಂಕು. ಹುಳಿ ವಾಸನೆ, ಜಿಡ್ಡು, ಬೆರಳ ಸಂದಿಯಲ್ಲಿ ಕಂದು ಬಣ್ಣ ಅಂದರೆ ಯೀಸ್ಟ್ ಅನ್ನುವ ಶಿಲೀಂಧ್ರದ ಮೇಲೆ ಅನುಮಾನ ಬರುತ್ತದೆ. ಅದರ ಹೆಸರು ಮಲಸೇಜಿಯಾ. ಸ್ಟಫೈಲೋಕಾಕಸ್ ಬ್ಯಾಕ್ಟೀರಿಯಾ ಇದ್ದರೆ ಗುಳ್ಳೆ, ಕೀವು, ದುಂಡಗೆ ಹೊಟ್ಟು ಕಟ್ಟಿದ ಕಲೆಗಳು. ಎರಡೂ ಆರೋಗ್ಯವಾಗಿರುವ ನಾಯಿಯ ಮೈಮೇಲೂ ಇರುತ್ತವೆ. ಅಲರ್ಜಿಯಿಂದ ಚರ್ಮ ಹಾಳಾದಾಗ ಹದ್ದು ಮೀರಿ ಬೆಳೆಯುತ್ತವೆ. ಡಾಕ್ಟರ್ ಒಂದು ಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಹತ್ತು ನಿಮಿಷದ ಕೆಲಸ. ಇದನ್ನು ಮಾಡಿಸದೆ ಊಟ ಬದಲಿಸಬೇಡಿ. ಸೋಂಕು ಇರುವ ತನಕ ತುರಿಕೆ ಇದ್ದೇ ಇರುತ್ತದೆ, ತಟ್ಟೆಯಲ್ಲಿ ಏನೇ ಹಾಕಿ.

ಚರ್ಮ ಕೆರೆದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಇದೆಯಾ ಅಂತಲೂ ನೋಡಿಸಿ. ಕಿವಿಯ ಅಂಚು, ಮೊಣಕೈಯಲ್ಲಿ ಹೊಟ್ಟು ಕಟ್ಟಿ, ಮನೆಯವರಿಗೂ ಕೆಂಪು ಗುಳ್ಳೆ ಎದ್ದರೆ ಅದು ಹುಳದಿಂದ ಬರುವ ಕಜ್ಜಿ ಇರಬಹುದು. ಅದಕ್ಕೆ ಪಥ್ಯ ಬೇಕಿಲ್ಲ, ಔಷಧಿ ಬೇಕು. ಇವೆಲ್ಲ ಮುಗಿದ ಮೇಲೆ ಊಟದ ಮಾತು.

ಕಂದುಮೂಗು:
ಅಕ್ಕ, ತುಂಬಾ ಧನ್ಯವಾದ. ಟೇಪ್ ಪರೀಕ್ಷೆ ಮಾಡಿಸಿದೆವು. ಪಂಜ ಮತ್ತು ಕಿವಿಯಲ್ಲಿ ಯೀಸ್ಟ್ ಜಾಸ್ತಿ ಇದೆ, ಬ್ಯಾಕ್ಟೀರಿಯಾ ಸ್ವಲ್ಪ. ಹುಳ ಇಲ್ಲ. ಶಾಂಪೂ, ಕಿವಿಗೆ ಡ್ರಾಪ್ಸ್ ಕೊಟ್ಟಿದ್ದಾರೆ, ಚಿಗಟದ ಔಷಧಿ ತಪ್ಪಿಸಬೇಡಿ ಅಂದಿದ್ದಾರೆ. ಆಮೇಲೆ ಊಟದ ಪರೀಕ್ಷೆ. ಆದರೆ ಪರಿಚಯದವರೊಬ್ಬರು ಕೂದಲು ಕಳಿಸಿದರೆ ಸಾಕು, ಯಾವ ಆಹಾರ ಆಗುವುದಿಲ್ಲ ಅಂತ ಪಟ್ಟಿಯೇ ಬರುತ್ತದೆ ಅನ್ನುತ್ತಿದ್ದಾರೆ. ಅದು ಸುಲಭ ಅಲ್ವಾ?

ಕಿವಿಜೋಲಿ:
ಪಟ್ಟಿ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಏನು ಕಳಿಸಿದರೂ ಬರುತ್ತದೆ! ಒಂದು ಅಧ್ಯಯನದಲ್ಲಿ ಕೃತಕ ತುಪ್ಪಳ ಕಳಿಸಿದ್ದಕ್ಕೂ ಅಲರ್ಜಿ ಪಟ್ಟಿ ಬಂದಿತ್ತು. ಊಟದ ಅಲರ್ಜಿಗೆ ಕೂದಲು, ಎಂಜಲಿನ ಪರೀಕ್ಷೆಗಳನ್ನು ನಂಬಲು ಆಗುವುದಿಲ್ಲ, ರಕ್ತ ಪರೀಕ್ಷೆಯೂ ಅಷ್ಟಕ್ಕಷ್ಟೆ. ವಾತಾವರಣದ ಅಲರ್ಜಿಗೆ ರಕ್ತ ಅಥವಾ ಚರ್ಮದ ಪರೀಕ್ಷೆ ಮಾಡುವುದುಂಟು. ಅದು ಕಾಯಿಲೆ ಹಿಡಿಯಲು ಅಲ್ಲ, ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹಕ್ಕೆ ರೂಢಿ ಮಾಡಿಸುವ ಇಂಜೆಕ್ಷನ್‌ನಲ್ಲಿ ಏನೇನು ಸೇರಿಸಬೇಕು ಅಂತ ತೀರ್ಮಾನಿಸಲು.

ಸಂಜೆವಾಕಿಂಗ್:
ನಾನೂ ಇಲ್ಲೇ ಕೂರುತ್ತೇನೆ, ನಮ್ಮ ಮನೆಯಲ್ಲೂ ಇದೇ ಪುರಾಣ. ಊಟದ ಪರೀಕ್ಷೆ ಹೇಗೆ ಮಾಡುವುದು, ವಿವರವಾಗಿ ಹೇಳುತ್ತೀರಾ?

ರಾತ್ರಿಪಾಳಿ:
ಕಟ್ಟುನಿಟ್ಟಿನ ಪಥ್ಯ ಅಂದುಕೊಳ್ಳಿ. ಕನಿಷ್ಠ ಎಂಟು ವಾರ. ಊಟದ ಅಲರ್ಜಿ ಇರುವ ನಾಯಿಗಳಲ್ಲಿ ಐದು ವಾರಕ್ಕೆ ಸುಮಾರು 80% ಸುಧಾರಿಸುತ್ತವೆ, ಎಂಟು ವಾರಕ್ಕೆ 90%ಗಿಂತ ಜಾಸ್ತಿ. ಹತ್ತು ದಿನ ಕೊಟ್ಟು "ಇದೂ ಆಗಲಿಲ್ಲ" ಅಂತ ಬಿಟ್ಟರೆ ಏನೂ ತಿಳಿಯುವುದಿಲ್ಲ.

ಊಟಕ್ಕೆ ಮೂರು ದಾರಿ. ಒಂದು, ಹೈಡ್ರೊಲೈಸ್ಡ್ ಫುಡ್. ಅದರಲ್ಲಿ ಪ್ರೋಟೀನನ್ನು ಎಷ್ಟು ಸಣ್ಣ ತುಂಡು ಮಾಡಿರುತ್ತಾರೆ ಅಂದರೆ ಹೆಚ್ಚಿನ ನಾಯಿಗಳ ದೇಹಕ್ಕೆ ಅದರ ಗುರುತು ಸಿಗುವುದಿಲ್ಲ. ಎರಡು, ನಾಯಿ ಹುಟ್ಟಿದಾಗಿನಿಂದ ತಿಂದೇ ಇರದ ಮಾಂಸ ಇರುವ ಫುಡ್, ಡಾಕ್ಟರ್ ಬರೆದುಕೊಡುವಂಥದ್ದು. ಅಂಗಡಿಯ ಸಾಮಾನ್ಯ ಚೀಲದಲ್ಲಿ "ಒಂದೇ ಪ್ರೋಟೀನ್" ಅಂತ ಬರೆದಿದ್ದರೂ ಪರೀಕ್ಷೆ ಮಾಡಿದಾಗ ಬೇರೆ ಮಾಂಸದ ಅಂಶ ಸಿಕ್ಕಿದ್ದು ಎಷ್ಟೋ ಸಲ. ಒಂದೇ ಯಂತ್ರದಲ್ಲಿ ಹಲವು ಬಗೆಯ ಫುಡ್ ತಯಾರಾಗುತ್ತದೆ ನೋಡಿ. ಗುಂಡ ಈಗಾಗಲೇ ಚಿಕನ್, ಕುರಿ, ಮೀನು ಮೂರನ್ನೂ ತಿಂದಿದ್ದಾನೆ, ಹಾಗಾಗಿ ಅವನಿಗೆ ಹೊಸ ಮಾಂಸ ಹುಡುಕುವುದು ಕಷ್ಟ. ಹೈಡ್ರೊಲೈಸ್ಡ್ ಸುಲಭ. ಮೂರನೆಯದು ಮನೆಯಲ್ಲೇ ಬೇಯಿಸುವುದು. ಒಂದು ಹೊಸ ಮಾಂಸ, ಒಂದು ಪಿಷ್ಟ, ಅಷ್ಟೇ.

ಹಳೆಯ ಫುಡ್‌ನಿಂದ ಹೊಸದಕ್ಕೆ ಒಂದು ವಾರದಲ್ಲಿ ನಿಧಾನವಾಗಿ ದಾಟಿ, ಇಲ್ಲದಿದ್ದರೆ ಭೇದಿ ಆಗಬಹುದು. ಎಂಟು ವಾರದ ಲೆಕ್ಕ ಹಳೆಯದು ಪೂರ್ತಿ ನಿಂತ ದಿನದಿಂದ.

ಪಥ್ಯ ಎಲ್ಲಿ ಮುರಿಯುತ್ತದೆ ಗೊತ್ತಾ? ಊಟದ ತಟ್ಟೆಯಲ್ಲಿ ಅಲ್ಲ. ಮಾತ್ರೆ ನುಂಗಿಸಲು ಸುತ್ತಿದ ಚೀಸ್, ಮಾಂಸದ ರುಚಿಯ ಟೂತ್‌ಪೇಸ್ಟ್, ಅಗಿಯುವ ಮೂಳೆ, ರುಚಿ ಹಾಕಿದ ಹುಳದ ಮಾತ್ರೆ, ಬೆಕ್ಕಿನ ಬಟ್ಟಲು, ಮಗುವಿನ ಕುರ್ಚಿಯ ಕೆಳಗೆ ಬಿದ್ದದ್ದು, ವಾಕಿಂಗ್‌ನಲ್ಲಿ ಮೂಸಿ ನುಂಗಿದ್ದು. ಮೀನೆಣ್ಣೆ ಕ್ಯಾಪ್ಸೂಲಿನ ಹೊರಕವಚವೂ ಸಾಮಾನ್ಯವಾಗಿ ದನ, ಹಂದಿ ಅಥವಾ ಮೀನಿನ ಜೆಲಟಿನ್.

ಸಂಜೆವಾಕಿಂಗ್:
ನಮ್ಮ ಅಮ್ಮನ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ. ದಿನಾ ಸಂಜೆ ಬಿಸ್ಕತ್ತು ಕದ್ದು ಕೊಡುತ್ತಾರೆ. ಕೇಳಿದರೆ "ಪಾಪ, ಮುಖ ನೋಡುತ್ತದೆ" ಅನ್ನುತ್ತಾರೆ. ಅವರನ್ನು ತಡೆಯುವ ಔಷಧಿ ಇದೆಯಾ?

ರಾತ್ರಿಪಾಳಿ:
ತಡೆಯಬೇಡಿ, ಆಗುವುದೂ ಇಲ್ಲ! ಬೆಳಿಗ್ಗೆ ಅಳೆದಿಟ್ಟ ಪಥ್ಯದ ಫುಡ್‌ನಲ್ಲೇ ಒಂದು ಹಿಡಿ ತೆಗೆದು ಒಂದು ಡಬ್ಬಿಗೆ ಹಾಕಿ ಅವರ ಕೈಗೆ ಕೊಡಿ. "ಇದು ನಿಮ್ಮ ಪಾಲು, ನೀವೇ ಕೊಡಬೇಕು" ಅನ್ನಿ. ಕೊಡುವ ಖುಷಿ ಅವರಿಗೆ ಸಿಗುತ್ತದೆ, ಪಥ್ಯವೂ ಉಳಿಯುತ್ತದೆ. ನಮ್ಮಲ್ಲಿಗೆ ಬರುವ ಎಷ್ಟೋ ಮನೆಗಳಲ್ಲಿ ಇದು ಕೆಲಸ ಮಾಡಿದೆ.

ಮಿಂಚುಳ್ಳಿ:
ಮನೆಯಲ್ಲೇ ಬೇಯಿಸಿ ಕೊಟ್ಟರೆ ಈ ತಲೆನೋವೆಲ್ಲ ಯಾಕೆ? ಅನ್ನ, ಬೇಯಿಸಿದ ಮಾಂಸ, ಸ್ವಲ್ಪ ತರಕಾರಿ. ಏನು ಹಾಕಿದೆವು ಅಂತ ನಮಗೇ ಗೊತ್ತಿರುತ್ತದೆ.

ಕಿವಿಜೋಲಿ:
ಪೂರ್ತಿ ಬೆಳೆದ ನಾಯಿಗೆ ಕೆಲವು ವಾರದ ಪರೀಕ್ಷೆಗೆ ಸರಿ, ಅದೂ ಡಾಕ್ಟರಿಗೆ ಹೇಳಿ. ವರ್ಷಗಟ್ಟಲೆ ಹಾಗೇ ಕೊಟ್ಟರೆ ತೊಂದರೆ. ಬರೀ ಮಾಂಸ ಮತ್ತು ಅನ್ನದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ರಂಜಕ ಜಾಸ್ತಿ. ಸತು, ತಾಮ್ರ, ವಿಟಮಿನ್ ಇ, ಕೊಬ್ಬಿನಾಮ್ಲಗಳು ಕೂಡ ಸಾಲದೆ ಹೋಗಬಹುದು. ಇವು ಚರ್ಮಕ್ಕೇ ಬೇಕಾದವು, ಅದೇ ತಮಾಷೆ. ಬೆಳೆಯುವ ಮರಿಗಂತೂ ಮೂಳೆಗೇ ಪೆಟ್ಟು. ಯಾವಾಗಲೂ ಮನೆ ಊಟವೇ ಅಂತಾದರೆ ಪ್ರಾಣಿಗಳ ಪೋಷಣೆ ಓದಿದವರಿಂದ ಲೆಕ್ಕ ಹಾಕಿಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಹತ್ತಿರವೂ ಸುಳಿಯಬಾರದು.

ಹಿಮಕರಡಿ:
ಸತುವಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮದು ಹಸ್ಕಿ. ಕಣ್ಣಿನ ಸುತ್ತ, ಬಾಯಿಯ ಸುತ್ತ ದಪ್ಪ ಹೊಟ್ಟು ಕಟ್ಟುತ್ತಿತ್ತು. ಎಲ್ಲರೂ ಅಲರ್ಜಿ ಅಂದರು. ಕೊನೆಗೆ ಚರ್ಮದ ಚೂರು ತೆಗೆದು ನೋಡಿದಾಗ ಸತುವಿನ ಕೊರತೆ. ಹಸ್ಕಿ, ಮಲಮ್ಯೂಟ್ ತಳಿಗಳಲ್ಲಿ ಊಟದಲ್ಲಿ ಸತು ಇದ್ದರೂ ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲವಂತೆ. ಹಾಗಂತ ಯಾರೂ ಅಂದಾಜಿನಲ್ಲಿ ಸತುವಿನ ಮಾತ್ರೆ ಹಾಕಬೇಡಿ, ಜಾಸ್ತಿಯಾದರೆ ಅದೂ ವಿಷವೇ.

ಬಾಲಬೀಸಣಿಗೆ:
ಮೀನೆಣ್ಣೆ ಬಗ್ಗೆ ಯಾರೂ ಹೇಳಲೇ ಇಲ್ಲ. ಅಗಸೆ ಎಣ್ಣೆಯೂ ಅದೇ ಅಲ್ವಾ? ಮತ್ತೆ ತುರಿಕೆ ಇರುವಲ್ಲಿ ಟೀ ಟ್ರೀ ಎಣ್ಣೆ ಹಚ್ಚಿದರೆ ಚೆನ್ನಾಗಿ ಇಳಿಯುತ್ತದೆ ಅಂತ ಓದಿದ್ದೆ.

ರಾತ್ರಿಪಾಳಿ:
ಟೀ ಟ್ರೀ ಎಣ್ಣೆ ಬೇಡವೇ ಬೇಡ. ಚರ್ಮದಿಂದ ಒಳಗೆ ಹೋಗುತ್ತದೆ, ನೆಕ್ಕಿದರೆ ಇನ್ನೂ ಜಾಸ್ತಿ. ನಡುಕ, ಹಿಂಗಾಲಿನ ಬಲ ಹೋಗುವುದು, ಇಂಥ ಸ್ಥಿತಿಯಲ್ಲಿ ನಾಯಿಗಳನ್ನು ಎತ್ತಿಕೊಂಡು ಬರುತ್ತಾರೆ. ಮನುಷ್ಯರ ಮುಲಾಮುಗಳ ಕಥೆಯೂ ಅದೇ. ಜಿಂಕ್ ಆಕ್ಸೈಡ್, ನೋವಿನ ಜೆಲ್, ಸೋರಿಯಾಸಿಸ್ ಮುಲಾಮು ಯಾವುದನ್ನೂ ಹಚ್ಚಬೇಡಿ. ನಾಯಿಗೆ ಹಚ್ಚಿದ್ದು ನಾಯಿಯ ಹೊಟ್ಟೆಗೇ ಹೋಗುತ್ತದೆ.

ಮೀನೆಣ್ಣೆ ಒಳ್ಳೆಯದು. ಅದರಲ್ಲಿರುವ ಇಪಿಎ ಮತ್ತು ಡಿಎಚ್‌ಎ ಅನ್ನುವ ಒಮೆಗಾ-3 ಕೊಬ್ಬಿನಾಮ್ಲಗಳು ಉರಿಯೂತ ಸ್ವಲ್ಪ ತಗ್ಗಿಸುತ್ತವೆ. ಅಗಸೆಯಲ್ಲಿ ಇರುವುದು ಬೇರೆ, ಅದನ್ನು ಇಪಿಎ ಮಾಡಿಕೊಳ್ಳುವ ಶಕ್ತಿ ನಾಯಿಗೆ ಕಡಿಮೆ. ಮೀನೆಣ್ಣೆಯ ಪರಿಣಾಮ ಕಾಣಲು ಎರಡು ಮೂರು ತಿಂಗಳು ಬೇಕು, ಜಾಸ್ತಿ ಹಾಕಿದರೆ ಬೇಗ ಆಗುವುದಿಲ್ಲ, ಭೇದಿ ಆಗುತ್ತದೆ. ಕಾಡ್ ಲಿವರ್ ಎಣ್ಣೆ ಬೇರೆ, ಅದರಲ್ಲಿ ವಿಟಮಿನ್ ಎ ಮತ್ತು ಡಿ ತುಂಬಾ ಇರುತ್ತದೆ. ಇನ್ನು ಪಥ್ಯ ನಡೆಯುವಾಗ ಹೊಸದಾಗಿ ಇದನ್ನೂ ಶುರುಮಾಡಬೇಡಿ. ಸುಧಾರಿಸಿದರೆ ಯಾವುದರಿಂದ ಅಂತ ಮತ್ತೆ ಗೊಂದಲ.

ಸಂಜೆವಾಕಿಂಗ್:
ಸ್ನಾನ? ವಾರಕ್ಕೊಮ್ಮೆ ಮಾಡಿಸಿದರೆ ಚರ್ಮ ಒಣಗುತ್ತದೆ, ತಿಂಗಳಿಗೊಮ್ಮೆ ಸಾಕು ಅನ್ನುತ್ತಾರೆ.

ರಾತ್ರಿಪಾಳಿ:
ಆರೋಗ್ಯವಾಗಿರುವ ನಾಯಿಗೆ ಆ ಮಾತು ಸರಿ. ಅಲರ್ಜಿ ಇರುವ ನಾಯಿಗೆ ಸ್ನಾನ ಒಂದು ಚಿಕಿತ್ಸೆ. ಯೀಸ್ಟ್ ಇದ್ದರೆ 2% ಕ್ಲೋರ್‌ಹೆಕ್ಸಿಡಿನ್ ಮತ್ತು 2% ಮೈಕೊನಜೋಲ್ ಎರಡೂ ಇರುವ ಶಾಂಪೂ ಕೊಡುತ್ತಾರೆ, ಮೊದಲು ವಾರಕ್ಕೆ ಎರಡು ಸಲ. ಇದರಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಹಚ್ಚಿದ ಕೂಡಲೇ ತೊಳೆದುಬಿಡುತ್ತಾರೆ. ಹತ್ತು ನಿಮಿಷ ಮೈಮೇಲೆ ಇರಬೇಕು. ಗಡಿಯಾರ ನೋಡಿ. ಪಂಜದಿಂದ ಹಚ್ಚಲು ಶುರುಮಾಡಿ, ಉಳಿದ ಮೈ ಮುಗಿಯುವಷ್ಟರಲ್ಲಿ ಪಂಜಕ್ಕೆ ಸಮಯ ಸಿಕ್ಕಿರುತ್ತದೆ. ನೀರು ಬಿಸಿ ಬೇಡ, ಬಿಸಿಗೆ ತುರಿಕೆ ಏರುತ್ತದೆ. ಶಾಂಪೂ ಸ್ವಲ್ಪವೂ ಉಳಿಯದಂತೆ ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿ. ಮನುಷ್ಯರ ಶಾಂಪೂ ಬೇಡ. ನಾಯಿಯ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು, ಆಮ್ಲೀಯತೆಯೂ ಬೇರೆ.

ವಾಕಿಂಗ್ ಆದ ಮೇಲೆ ಪಂಜ, ಹೊಟ್ಟೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪರಾಗ, ಧೂಳು ಅಲ್ಲೇ ಹೋಗುತ್ತದೆ. ಕಿವಿಯೊಳಗೆ ಹತ್ತಿ ಕಡ್ಡಿ ಹಾಕಬೇಡಿ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ತಮಟೆ ಒಡೆದಿದೆಯಾ ಅಂತ ಡಾಕ್ಟರ್ ನೋಡದೆ ಹಳೆಯ ಡ್ರಾಪ್ಸ್ ಹಾಕಲೂಬಾರದು.

ಮಿಂಚುಳ್ಳಿ:
ಎಲ್ಲ ಸರಿ, ಆದರೆ ಸ್ಟೀರಾಯ್ಡ್ ಮಾತ್ರ ಕೊಡಬೇಡಿ. ಕಿಡ್ನಿ, ಲಿವರ್ ಎಲ್ಲ ಹೋಗುತ್ತದೆ.

ಕಿವಿಜೋಲಿ:
ಹೀಗೆ ಹೇಳಿ ಹೇಳಿಯೇ ಜನ ನಾಯಿಯನ್ನು ರಕ್ತ ಬರುವ ತನಕ ಕೆರೆದುಕೊಳ್ಳಲು ಬಿಡುತ್ತಾರೆ. ಸ್ಟೀರಾಯ್ಡ್ ಕಡಿಮೆ ದಿನಕ್ಕೆ ಒಳ್ಳೆಯ ಔಷಧಿ. ಬಾಯಾರಿಕೆ, ಹಸಿವು, ಮೂತ್ರ ಜಾಸ್ತಿಯಾಗುತ್ತದೆ. ತಿಂಗಳುಗಟ್ಟಲೆ ಕೊಟ್ಟರೆ ಸ್ನಾಯು ಕರಗುತ್ತದೆ, ಚರ್ಮ ತೆಳುವಾಗುತ್ತದೆ, ಸೋಂಕು ಸುಲಭವಾಗಿ ಹತ್ತುತ್ತದೆ. ಬಹಳ ದಿನ ಕೊಟ್ಟಿದ್ದರೆ ಥಟ್ಟನೆ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ತುರಿಕೆ ತಗ್ಗಿಸಲು ಸ್ಟೀರಾಯ್ಡ್ ಬದಲು ಈಗ ಓಕ್ಲಾಸಿಟಿನಿಬ್ ಮಾತ್ರೆ, ಲೋಕಿವೆಟ್‌ಮ್ಯಾಬ್ ಇಂಜೆಕ್ಷನ್, ಸೈಕ್ಲೋಸ್ಪೋರಿನ್ ಇವೆ. ಅವಕ್ಕೂ ಅವುಗಳದೇ ಎಚ್ಚರಿಕೆಗಳಿವೆ. ನನ್ನ ತಕರಾರು ಔಷಧಿಯ ಮೇಲೆ ಇಲ್ಲ. ಕಾರಣ ಹುಡುಕದೆ ಅದನ್ನೇ ಮತ್ತೆ ಮತ್ತೆ ಬರೆಸಿಕೊಳ್ಳುವುದರ ಮೇಲೆ.

ಕಂದುಮೂಗು:
ಬಹಳ ದಿನದ ಮೇಲೆ ಬರುತ್ತಿದ್ದೇನೆ. ಯೀಸ್ಟ್ ಹತೋಟಿಗೆ ಬಂದ ಮೇಲೆ ಹೈಡ್ರೊಲೈಸ್ಡ್ ಫುಡ್ ಶುರುಮಾಡಿ ಪಥ್ಯ ಪೂರ್ತಿ ಮಾಡಿದೆವು. ಮೊದಲ ವಾರಗಳಲ್ಲಿ ತುರಿಕೆ ತಡೆಯಲು ಡಾಕ್ಟರ್ ಮಾತ್ರೆ ಕೊಟ್ಟಿದ್ದರು, ಕೊನೆಯ ವಾರಗಳಲ್ಲಿ ಅದೂ ಇರಲಿಲ್ಲ. ಪ್ರತಿ ಭಾನುವಾರ ತುರಿಕೆಗೆ ಹತ್ತಕ್ಕೆ ಎಷ್ಟು ಅಂತ ಬರೆದಿಡಲು ಹೇಳಿದ್ದರು. ಎಂಟರಲ್ಲಿದ್ದದ್ದು ಈಗ ಮೂರಕ್ಕೆ ಬಂದಿದೆ. ಕಿವಿ ವಾಸನೆ ಇಲ್ಲ. ದಿನಕ್ಕೆ ನಾಲ್ಕೈದು ಸಲ ಕಕ್ಕ ಮಾಡುತ್ತಿದ್ದವನು ಈಗ ಎರಡೇ ಸಲ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಅಂದುಕೊಂಡೇ ಇರಲಿಲ್ಲ! ಈಗ ಡಾಕ್ಟರ್ ಹಳೆಯ ಫುಡ್ ಮತ್ತೆ ಕೊಟ್ಟು ನೋಡಿ ಅನ್ನುತ್ತಿದ್ದಾರೆ. ಮನಸ್ಸು ಒಪ್ಪುತ್ತಿಲ್ಲ. ಚೆನ್ನಾಗಿದ್ದಾನಲ್ಲ, ಮತ್ತೆ ಯಾಕೆ ಕೆದಕಬೇಕು?

ರಾತ್ರಿಪಾಳಿ:
ಎಲ್ಲರೂ ಇಲ್ಲೇ ನಿಲ್ಲಿಸುತ್ತಾರೆ. ಆದರೆ ಅದೇ ಹೊತ್ತಿಗೆ ಪರಾಗದ ಕಾಲ ಮುಗಿದಿರಬಹುದು. ಶಾಂಪೂ ಕೆಲಸ ಮಾಡಿರಬಹುದು. ಚಿಗಟದ ಔಷಧಿ ತಪ್ಪದೆ ಹಾಕಿದ್ದರ ಫಲ ಇರಬಹುದು. ಹಳೆಯ ಊಟ ಕೊಟ್ಟಾಗ ತುರಿಕೆ ಮರಳಿ ಬಂದು, ಪಥ್ಯಕ್ಕೆ ಹೋದಾಗ ಮತ್ತೆ ಇಳಿದರೆ ಮಾತ್ರ ಊಟದ ಅಲರ್ಜಿ ಖಚಿತ. ಸಾಮಾನ್ಯವಾಗಿ ಎರಡು ವಾರದೊಳಗೆ ಗೊತ್ತಾಗುತ್ತದೆ, ಕೆಲವಕ್ಕೆ ಅದೇ ದಿನ. ತುರಿಕೆ ಶುರುವಾದ ಕೂಡಲೇ ನಿಲ್ಲಿಸಿ, ಚರ್ಮ ಹಾಳಾಗುವ ತನಕ ಕಾಯಬೇಕಿಲ್ಲ. ಇದನ್ನು ಮಾಡದಿದ್ದರೆ ಬೇಡದೇ ಇರಬಹುದಾದ ದುಬಾರಿ ಫುಡ್ ಅನ್ನು ಜೀವನಪೂರ್ತಿ ಕೊಡುತ್ತೀರಿ.

ಕಂದುಮೂಗು:
ಕೊಟ್ಟೆವು. ಹಳೆಯ ಚಿಕನ್ ಫುಡ್. ಮೂರನೇ ದಿನ ಕಿವಿ ಕೆಂಪು, ರಾತ್ರಿಯೆಲ್ಲ ಪಂಜ ನೆಕ್ಕಿದ. ನಿಲ್ಲಿಸಿ ಪಥ್ಯಕ್ಕೆ ಮರಳಿದೆವು, ಇಳಿಯಿತು. ಆದರೂ ಆ ಮೂರು ಅನ್ನುವ ಅಂಕ ಸೊನ್ನೆಗೆ ಬರುತ್ತಲೇ ಇಲ್ಲ.

ರಾತ್ರಿಪಾಳಿ:
ಊಟ ಮತ್ತು ವಾತಾವರಣ ಎರಡರ ಅಲರ್ಜಿಯೂ ಒಟ್ಟಿಗೆ ಇರುವ ನಾಯಿಗಳು ಎಷ್ಟೋ ಇವೆ, ಗುಂಡನೂ ಹಾಗೇ ಇರಬಹುದು. ಊಟದ ಭಾಗ ಈಗ ನಿಮ್ಮ ಕೈಯಲ್ಲಿದೆ. ಉಳಿದದ್ದಕ್ಕೆ ವಾರಕ್ಕೊಂದು ಸ್ನಾನ, ಪಂಜ ಒರೆಸುವುದು, ಹಾಸಿಗೆಯ ಬಟ್ಟೆ ಬಿಸಿನೀರಿನಲ್ಲಿ ಒಗೆಯುವುದು. ಪಥ್ಯ ಮುಗಿದಿದೆಯಲ್ಲ, ಮೀನೆಣ್ಣೆಯ ಬಗ್ಗೆ ಈಗ ಡಾಕ್ಟರನ್ನು ಕೇಳಬಹುದು. ಅದಕ್ಕೆ ಮೊದಲು ಮೀನನ್ನೇ ಒಂದು ಸಲ ಪರೀಕ್ಷಿಸಿಬಿಡಿ.

ಚಿಕನ್ ಫುಡ್‌ನಲ್ಲಿ ಬರೀ ಚಿಕನ್ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಮೈ ಪೂರ್ತಿ ತಣ್ಣಗಾದ ಮೇಲೆ, ಪಥ್ಯದ ಫುಡ್ ಜೊತೆಗೆ ಒಂದೊಂದೇ ಪದಾರ್ಥ ಸೇರಿಸಿ ನೋಡಿ. ಬರೀ ಬೇಯಿಸಿದ ಚಿಕನ್, ಉಪ್ಪು ಖಾರ ಏನೂ ಇಲ್ಲದೆ, ಎರಡು ವಾರದ ತನಕ. ಆಮೇಲೆ ಸ್ವಲ್ಪ ಬಿಡುವು, ಆಮೇಲೆ ಮೊಟ್ಟೆ, ಆಮೇಲೆ ಗೋಧಿ. ಪರಾಗದ ಕಾಲದಲ್ಲಿ ಮಾತ್ರ ಶುರುಮಾಡಬೇಡಿ, ಯಾವುದರಿಂದ ತುರಿಸಿತು ಅಂತ ಹೇಳಲು ಆಗುವುದಿಲ್ಲ.

ಸಂಜೆವಾಕಿಂಗ್:
ನಮ್ಮದು ಇವತ್ತಿನಿಂದ ಶುರು. ಅಮ್ಮನ ಡಬ್ಬಿ ರೆಡಿ. ಹೃದಯದ ಹುಳಕ್ಕೆ ತಿಂಗಳಿಗೊಮ್ಮೆ ಕೊಡುವ ಮಾತ್ರೆ ಮಾಂಸದ ರುಚಿಯದು. ಎರಡು ತಿಂಗಳು ಬಿಟ್ಟುಬಿಡಲಾ?

ರಾತ್ರಿಪಾಳಿ:
ಬಿಡಬೇಡಿ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ರುಚಿ ಸೇರಿಸದ ಮಾತ್ರೆ ಅಥವಾ ಕುತ್ತಿಗೆಯ ಹಿಂದೆ ಚರ್ಮಕ್ಕೆ ಹಾಕುವ ಔಷಧಿ ಬರೆದುಕೊಡಲು ಕೇಳಿ. ಅದು ಸಿಕ್ಕ ಮೇಲೆ ಪಥ್ಯ ಶುರುಮಾಡಿ, ನಾಲ್ಕು ದಿನ ತಡವಾದರೆ ನಷ್ಟ ಏನಿಲ್ಲ.